ಸ್ಟೆಂಟ್ ಹಾಕಿಸಿಕೊಂಡ ಮೇಲೆ ಬರುವ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಓಪಿಡಿ ಸಾಲಿನಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇವೆ. ಸ್ಟೆಂಟ್ ಎಂದರೆ ಕಿರಿದಾದ ಹೃದಯದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಸಣ್ಣ ಲೋಹದ ಜಾಲರಿ. ಓದುವ ಮುಂಚೆ ನಿಮ್ಮ ಡಿಸ್ಚಾರ್ಜ್ ಸಮರಿ ಎದುರಿಗಿಟ್ಟುಕೊಳ್ಳಿ. ಸ್ಟೆಂಟ್ ಹಾಕಿದ ತಾರೀಖು, ಹಾರ್ಟ್ ಅಟ್ಯಾಕ್ ಆಗಿ ಹಾಕಿದ್ದೋ ಅಥವಾ ನಡೆದರೆ ಎದೆನೋವು ಬರುತ್ತಿದ್ದುದಕ್ಕೆ ಹಾಕಿದ್ದೋ, ಯಾವ ರಕ್ತನಾಳಕ್ಕೆ, ಎಷ್ಟು ಅಳತೆಯದ್ದು ಎಂಬ ನಾಲ್ಕು ಸಂಗತಿ ಅದರಲ್ಲಿರುತ್ತವೆ. ಎರಡನೇ ದಿನದ ಎದೆನೋವಿಗೂ ಇಪ್ಪತ್ತನೇ ದಿನದ ಎದೆನೋವಿಗೂ ಎರಡು ವರ್ಷದ ಮೇಲೆ ಬರುವ ಎದೆನೋವಿಗೂ ಕಾರಣ ಬೇರೆ, ಚಿಕಿತ್ಸೆ ಬೇರೆ. ತಾರೀಖು ಗೊತ್ತಿಲ್ಲದೆ ಕೇಳಿದ ಪ್ರಶ್ನೆಗೆ ಯಾವ ಡಾಕ್ಟರೂ ಸರಿಯಾದ ಉತ್ತರ ಕೊಡಲಾರರು.

## ಮೊದಲು ತಿಳಿದಿರಬೇಕಾದ್ದು

ಸ್ಟೆಂಟ್ ಹಾಕಿದ ಮೇಲೆ ಏನೇನು ತೊಂದರೆ ಬರಬಹುದು? ಒಂದೇ ಸಲ ಹೇಳಿಬಿಡಿ.

ಮೊದಲ 24 ಗಂಟೆಯಲ್ಲಿ ಹೆಚ್ಚಾಗಿ ಕಾಡುವುದು ಕೊಳವೆ ತೂರಿಸಿದ ಜಾಗ: ಮಣಿಕಟ್ಟು ಅಥವಾ ತೊಡೆಸಂದಿ. ರಕ್ತ ಸೋರುವುದು, ಊದುವುದು, ನೀಲಿಗಟ್ಟುವುದು. ಎರಡು ಮೂರು ದಿನದೊಳಗೆ ಆಂಜಿಯೋಗ್ರಾಂನಲ್ಲಿ ರಕ್ತನಾಳ ಕಾಣಲೆಂದು ಬಿಡುವ ಬಣ್ಣದ ಔಷಧಿಯಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೊದಲ ತಿಂಗಳಲ್ಲಿ ಅತಿ ಅಪಾಯದ್ದು ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟುವುದು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಅದು ನೇರ ಹಾರ್ಟ್ ಅಟ್ಯಾಕ್. ಮೂರು ತಿಂಗಳಿಂದ ಒಂದು ವರ್ಷದ ನಡುವೆ ಗಾಯದ ಅಂಗಾಂಶ ಬೆಳೆದು ಸ್ಟೆಂಟ್ ನಿಧಾನವಾಗಿ ಕಿರಿದಾಗಬಹುದು. ವರ್ಷಗಳು ಕಳೆದ ಮೇಲೆ ಸ್ಟೆಂಟ್ ಒಳಗೇ ಹೊಸದಾಗಿ ಕೊಬ್ಬು ಕೂರಬಹುದು. ಇಷ್ಟರ ಜೊತೆಗೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವಷ್ಟು ಕಾಲವೂ ರಕ್ತಸ್ರಾವದ ಸಾಧ್ಯತೆ ಇದ್ದೇ ಇದೆ. ಬಹುಪಾಲು ಜನಕ್ಕೆ ಇವುಗಳಲ್ಲಿ ಯಾವುದೂ ಆಗುವುದಿಲ್ಲ.

ಕೆಮ್ಮಿದರೆ, ಭಾರ ಎತ್ತಿದರೆ, ಬೈಕಿನಲ್ಲಿ ಗುಂಡಿಗೆ ಬಿದ್ದರೆ ಸ್ಟೆಂಟ್ ಜರುಗಿಬಿಡುತ್ತಾ?

ಇಲ್ಲ. ಸ್ಟೆಂಟನ್ನು ಬಲೂನಿನಿಂದ ಸಾಮಾನ್ಯವಾಗಿ 12ರಿಂದ 16 ಅಟ್ಮಾಸ್ಫಿಯರ್ ಒತ್ತಡದಲ್ಲಿ ಹಿಗ್ಗಿಸಿ ರಕ್ತನಾಳದ ಗೋಡೆಗೆ ಅಮುಕಿರುತ್ತಾರೆ. ಕಾರಿನ ಟೈರಿನ ಗಾಳಿಗಿಂತ ಆರೇಳು ಪಟ್ಟು ಹೆಚ್ಚು. ಮುಂದಿನ ವಾರ, ತಿಂಗಳುಗಳಲ್ಲಿ ರಕ್ತನಾಳದ ಒಳಪೊರೆಯೇ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ. ಹಾಗಿದ್ದೂ ಭಾರ ಎತ್ತಬೇಡಿ ಎನ್ನುವುದು ಸ್ಟೆಂಟಿಗಾಗಿ ಅಲ್ಲ, ಚುಚ್ಚಿದ ಜಾಗಕ್ಕಾಗಿ. ಮಣಿಕಟ್ಟಿನಿಂದ ಮಾಡಿದ್ದರೆ ಎರಡು ಮೂರು ದಿನ ಆ ಕೈಯಲ್ಲಿ ತುಂಬಿದ ಬಕೆಟ್, ಸಿಲಿಂಡರ್ ಎತ್ತಬೇಡಿ. ತೊಡೆಸಂದಿಯಿಂದ ಮಾಡಿದ್ದರೆ ಒಂದು ವಾರ ಕುಕ್ಕರುಗಾಲಲ್ಲಿ ಕೂರುವುದು, ಭಾರ ಎತ್ತುವುದು ಬೇಡ. ಹಾರ್ಟ್ ಅಟ್ಯಾಕ್ ಆಗಿದ್ದವರಿಗೆ ಕೆಲಸಕ್ಕೆ ಮರಳುವ ಲೆಕ್ಕವೇ ಬೇರೆ. ಅದನ್ನು ಎಕೋ (ಹೃದಯದ ಸ್ಕ್ಯಾನ್) ನೋಡಿ ಹೇಳಬೇಕು.

ಎಂಆರ್‌ಐ ಮಾಡಿಸಬಹುದಾ? ಏರ್‌ಪೋರ್ಟಿನ ಗೇಟು ಕೂಗುತ್ತಾ?

ಮಾಡಿಸಬಹುದು. ಈಗಿನ ಸ್ಟೆಂಟ್‌ಗಳಿಗೆ 3 ಟೆಸ್ಲಾವರೆಗಿನ ಯಂತ್ರ ತೊಂದರೆ ಮಾಡುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಸ್ಟೆಂಟ್ ಕಾರ್ಡ್ ತೋರಿಸಿ ಸಾಕು. ಗೇಟು ಕೂಗುವುದಿಲ್ಲ.

## ಮೊದಲ ವಾರ

ಅಪ್ಪನಿಗೆ ಕೈಯಿಂದ ಮಾಡಿದ್ರು. ನಾಲ್ಕನೇ ದಿನಕ್ಕೆ ಮೊಣಕೈವರೆಗೂ ನೀಲಿ ಆಗಿದೆ. ಹೆದರಬೇಕಾ?

ಕೈ ಮೆತ್ತಗಿದ್ದು, ಬೆರಳು ಬೆಚ್ಚಗಿದ್ದು, ಆಡಿಸಲು ಬರುತ್ತಿದ್ದರೆ ಹೆದರಬೇಡಿ. ಚರ್ಮದಡಿ ಸೋರಿದ ರಕ್ತ ಹರಡುತ್ತಾ ನೀಲಿ, ಹಸಿರು, ಹಳದಿ ಆಗಿ ಎರಡು ಮೂರು ವಾರದಲ್ಲಿ ಮಾಯವಾಗುತ್ತದೆ. ಎರಡು ಬಗೆಯ ರಕ್ತ ತೆಳು ಮಾತ್ರೆ ನುಂಗುತ್ತಿರುವಾಗ ಇದು ಮಾಮೂಲು.

ಹೆದರಬೇಕಾದ್ದು ಬೇರೆ. ಮುಂಗೈ ಹಲಗೆಯಂತೆ ಬಿಗಿದು, ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಪ್ರಾಣ ಹೋಗುವಂಥ ನೋವು ಬಂದು, ಬೆರಳು ಜೋಮು ಹಿಡಿಯುತ್ತಿದ್ದರೆ ಒಳಗೆ ಕೂಡಿದ ರಕ್ತ ಸ್ನಾಯು, ನರಗಳನ್ನು ಅಮುಕುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕಾದರೆ ಕೈಯ ಬಲ ಹೋಗಬಹುದು, ಆಗಲೇ ಹೊರಡಿ.

ಇನ್ನೊಂದುಂಟು: ಮಣಿಕಟ್ಟಿನ ನಾಡಿಯೇ ಸಿಗದಿರುವುದು. ಚುಚ್ಚಿದ ರೇಡಿಯಲ್ ರಕ್ತನಾಳ ಮುಚ್ಚಿಕೊಂಡಿರುತ್ತದೆ. ಕೈಗೆ ಕಿರುಬೆರಳ ಕಡೆಯ ರಕ್ತನಾಳವೂ ರಕ್ತ ಕೊಡುವುದರಿಂದ ಬಹಳ ಮಂದಿಗೆ ಏನೂ ಅನ್ನಿಸುವುದಿಲ್ಲ. ಆದರೆ ಮೊದಲ ಭೇಟಿಯಲ್ಲೇ ಹೇಳಿ. ಬೇಗ ಗೊತ್ತಾದರೆ ತೆರೆಸಲು ದಾರಿ ಇದೆ. ಮುಂದೆ ಮತ್ತೆ ಆಂಜಿಯೋಗ್ರಾಂ, ಡಯಾಲಿಸಿಸ್ ಅಥವಾ ಬೈಪಾಸ್ ಬೇಕಾದರೆ ಆ ಕೈ ಬಳಸಬಹುದೇ ಎಂಬುದಕ್ಕೂ ಈ ಮಾಹಿತಿ ಬೇಕು.

ಮನೆಗೆ ಬಂದ ಮೇಲೆ ಮಣಿಕಟ್ಟಿನಿಂದ ಇದ್ದಕ್ಕಿದ್ದಂತೆ ರಕ್ತ ಬಂದರೆ?

ಕೂತುಕೊಳ್ಳಿ. ಇನ್ನೊಂದು ಕೈಯ ಎರಡು ಮೂರು ಬೆರಳಿಂದ ತೂತಿನ ಮೇಲೆ ಮತ್ತು ಅದಕ್ಕಿಂತ ತುಸು ಮೊಣಕೈ ಕಡೆಗೆ ಗಟ್ಟಿಯಾಗಿ ಒತ್ತಿ. ರಕ್ತನಾಳದ ತೂತು ಚರ್ಮದ ತೂತಿಗಿಂತ ಸ್ವಲ್ಪ ಮೇಲಿರುತ್ತದೆ. ಗಡಿಯಾರ ನೋಡಿ 15 ನಿಮಿಷ ಒತ್ತಿ, ನಡುವೆ ಎತ್ತಿ ಇಣುಕಬೇಡಿ. ಕೈ ಸುತ್ತ ಬಟ್ಟೆ ಬಿಗಿದು ಕಟ್ಟಿದರೆ ಮೇಲಿನ ಸಿರೆಗಳು ಮುಚ್ಚಿ ಊತ ಜಾಸ್ತಿಯಾಗುತ್ತದೆ. ಕಾಫಿಪುಡಿ, ಅರಿಶಿನ ಬೇಡವೇ ಬೇಡ. 15 ನಿಮಿಷಕ್ಕೂ ನಿಲ್ಲದಿದ್ದರೆ ಅಥವಾ ಚಿಮ್ಮುತ್ತಿದ್ದರೆ ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಿಸಿ. ತೊಡೆಸಂದಿಯಿಂದ ರಕ್ತ ಬಂದರೆ ರೋಗಿ ಚಪ್ಪಟೆ ಮಲಗಬೇಕು, ಬೇರೆಯವರು ಮುಷ್ಟಿಯಿಂದ ಒತ್ತಬೇಕು, ಮತ್ತು 15 ನಿಮಿಷ ಕಾಯದೆ ಆಗಲೇ 108.

ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಬಂದಿದೆ, ಮುಟ್ಟಿದರೆ ಡಬ್ ಡಬ್ ಅನ್ನುತ್ತೆ.

ಬಡಿಯುವ ಗಂಟು ಎಂದರೆ ರಕ್ತನಾಳದ ತೂತು ಪೂರ್ತಿ ಮುಚ್ಚದೆ ಹೊರಗೆ ರಕ್ತದ ಚೀಲವಾಗಿರುವ ಅನುಮಾನ. ಅಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. 2 ಸೆಂ.ಮೀ.ಗಿಂತ ಚಿಕ್ಕದಾದರೆ ಎಷ್ಟೋ ಸಲ ತಾನೇ ಹೆಪ್ಪುಗಟ್ಟುತ್ತದೆ. ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಾಯುತ್ತಾರೆ. ದೊಡ್ಡದಾದರೆ ಸ್ಕ್ಯಾನ್ ನೋಡಿಕೊಂಡು ಚೀಲದೊಳಗೆ ಥ್ರಾಂಬಿನ್ ಇಂಜೆಕ್ಷನ್ ಕೊಡುತ್ತಾರೆ, ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಗಂಟೇ ಇಲ್ಲದೆ, ತೊಡೆಯಿಂದ ಮಾಡಿಸಿಕೊಂಡ ದಿನವೋ ಮರುದಿನವೋ ಸೊಂಟ, ಪಕ್ಕೆ, ಬೆನ್ನಿನಲ್ಲಿ ನೋವು ಬಂದು ಬೆವರಿ, ತಲೆ ಸುತ್ತಿ, ಬಿಪಿ ಇಳಿದರೆ ಅದು ಇನ್ನೂ ಅಪಾಯ. ಹೊಟ್ಟೆಯ ಹಿಂಭಾಗದಲ್ಲಿ ರಕ್ತ ಸೋರುತ್ತಿರಬಹುದು, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಮಲಗಿ ಮಲಗಿ ಬೆನ್ನುನೋವು ಎಂದು ಸುಮ್ಮನಾಗುವುದು ಇಲ್ಲಿಯೇ ಜಾಸ್ತಿ. ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ರಕ್ತ ಕೊಡುತ್ತಾರೆ, ನಿಲ್ಲದಿದ್ದರೆ ಒಳಗಿನಿಂದಲೇ ಹೊದಿಕೆ ಇರುವ ಸ್ಟೆಂಟ್ ಹಾಕಿ ತೂತು ಮುಚ್ಚುತ್ತಾರೆ.

ಕ್ರಿಯಾಟಿನಿನ್ 1.2 ಇದ್ದದ್ದು 1.9 ಆಗಿದೆ. ಡಯಾಲಿಸಿಸ್ ಬೇಕಾಗುತ್ತಾ?

ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವ ರಕ್ತಪರೀಕ್ಷೆ. ಬಣ್ಣದ ಔಷಧಿಯಿಂದ ಏರುವ ಕ್ರಿಯಾಟಿನಿನ್ ಮೂರರಿಂದ ಐದನೇ ದಿನಕ್ಕೆ ತುದಿ ಮುಟ್ಟಿ, ಒಂದೆರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಹತ್ತಿರ ಬರುತ್ತದೆ. ಸಕ್ಕರೆ ಕಾಯಿಲೆ, ಮೊದಲೇ ಮೂತ್ರಪಿಂಡದ ತೊಂದರೆ, ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಅಪಾಯ ಹೆಚ್ಚು. ಇಂಥವರು ಡಿಸ್ಚಾರ್ಜ್ ಆದರೂ 48ರಿಂದ 72 ಗಂಟೆಯ ನಡುವೆ ಒಂದು ಸಲ ಕ್ರಿಯಾಟಿನಿನ್ ನೋಡಿಸಲೇಬೇಕು. ಮೂತ್ರ ಕಡಿಮೆಯಾಗುವುದು, ಕಾಲು ಊದುವುದು, ಪೊಟ್ಯಾಸಿಯಂ ಏರುವುದು ಎಚ್ಚರಿಕೆ. ಈ ದಿನಗಳಲ್ಲಿ ನೋವಿನ ಮಾತ್ರೆ ಮುಟ್ಟಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಯಾವಾಗ ಮತ್ತೆ ಶುರು ಮಾಡಬೇಕೆಂದು ಬರೆಸಿಕೊಳ್ಳಿ. ಜಾಸ್ತಿ ನೀರು ಕುಡಿಯಿರಿ ಎಂಬ ಸಲಹೆ ಪಂಪಿಂಗ್ ಕಡಿಮೆ ಇರುವವರಿಗೆ ಒಗ್ಗುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅವರಿಗೆ ಎಷ್ಟು ಲೀಟರ್ ಎಂದು ಡಾಕ್ಟರೇ ಹೇಳಬೇಕು.

ಸ್ಟೆಂಟ್ ಹಾಕಿ ಎರಡು ದಿನ ಆಯ್ತು, ಎದೆ ಇನ್ನೂ ಭಾರ ಭಾರ ಅನ್ನಿಸ್ತಿದೆ. ಸರಿಯಾಗಿ ಹಾಕಿಲ್ವಾ?

ಒಂದೆರಡು ದಿನ ಸಣ್ಣಗೆ, ಒಂದೇ ಸಮ ಇರುವ ಭಾರ ರಕ್ತನಾಳ ಹಿಗ್ಗಿದ್ದರಿಂದ ಇರಬಹುದು, ಪಕ್ಕದ ಸಣ್ಣ ಕವಲು ಅಮುಕಿಕೊಂಡದ್ದರಿಂದಲೂ ಇರಬಹುದು. ಹಾರ್ಟ್ ಅಟ್ಯಾಕ್ ಆದವರಿಗೆ ಉಸಿರೆಳೆದರೆ, ಮಲಗಿದರೆ ಜಾಸ್ತಿಯಾಗಿ ಮುಂದಕ್ಕೆ ಬಾಗಿದರೆ ಕಡಿಮೆಯಾಗುವ ನೋವು ಹೃದಯದ ಹೊರಪೊರೆಯ ಉರಿಯೂತದ್ದು. ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಡಿಸ್ಚಾರ್ಜ್ ದಿನದ ಇಸಿಜಿಯ ಪಕ್ಕಕ್ಕೆ ಹೊಸ ಇಸಿಜಿ ಇಟ್ಟು ನೋಡುವುದೇ ಸರಿಯಾದ ದಾರಿ. ಅದಕ್ಕೇ ಹಳೆಯ ಇಸಿಜಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ನೋವು ಏರುತ್ತಿದ್ದರೆ, ಬೆವರು ಜೊತೆಗಿದ್ದರೆ ಈ ಲೆಕ್ಕಾಚಾರ ಬಿಟ್ಟು ಹೊರಡಿ.

## ಮಾತ್ರೆಗಳ ವಿಷಯ

ರಕ್ತ ತೆಳು ಮಾಡೋ ಎರಡು ಮಾತ್ರೆ ಎಷ್ಟು ದಿನ? ನಾನು ಚೆನ್ನಾಗೇ ಇದ್ದೀನಲ್ಲ.

ಒಂದು ಆಸ್ಪಿರಿನ್ 75 ಮಿ.ಗ್ರಾಂ. ಇನ್ನೊಂದು ಕ್ಲೋಪಿಡೋಗ್ರೆಲ್ 75 ದಿನಕ್ಕೊಮ್ಮೆ, ಅಥವಾ ಟಿಕಾಗ್ರೆಲಾರ್ 90 ದಿನಕ್ಕೆರಡು ಸಲ, ಅಥವಾ ಪ್ರಾಸುಗ್ರೆಲ್ 10 ದಿನಕ್ಕೊಮ್ಮೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ 12 ತಿಂಗಳು, ಅಟ್ಯಾಕ್ ಆಗದೆ ಹಾಕಿದ್ದರೆ 6 ತಿಂಗಳು ಎರಡೂ ನಡೆಯುತ್ತವೆ. ರಕ್ತಸ್ರಾವದ ಅಪಾಯ ಹೆಚ್ಚಿರುವ ವಯಸ್ಸಾದವರಿಗೆ, ರಕ್ತಹೀನತೆ ಇರುವವರಿಗೆ ಒಂದರಿಂದ ಮೂರು ತಿಂಗಳಿಗೇ ಇಳಿಸುವುದುಂಟು. ಆಮೇಲೆ ಒಂದು ಮಾತ್ರೆ ಜೀವನಪೂರ್ತಿ.

ಚೆನ್ನಾಗಿದ್ದೀನಿ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಟೆಂಟಿನ ಲೋಹದ ಎಳೆಗಳ ಮೇಲೆ ಒಳಪೊರೆ ಬೆಳೆಯುವವರೆಗೆ ರಕ್ತಕ್ಕೆ ಅದು ಹೊರಗಿನ ವಸ್ತು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಲು ನೋಡುತ್ತಲೇ ಇರುತ್ತವೆ. ಔಷಧಿ ಲೇಪಿತ ಸ್ಟೆಂಟಿನಲ್ಲಿ ಆ ಪೊರೆ ಬೆಳೆಯುವುದು ನಿಧಾನ, ಯಾಕೆಂದರೆ ಅತಿಯಾಗಿ ಬೆಳೆಯದಿರಲಿ ಎಂದೇ ಔಷಧಿ ಸವರಿರುವುದು. ಪ್ರಿಸ್ಕ್ರಿಪ್ಷನ್ ಮೇಲೆ ಎರಡನೇ ಮಾತ್ರೆ ನಿಲ್ಲಿಸುವ ತಿಂಗಳು, ವರ್ಷ ಬರೆಸಿಕೊಳ್ಳಿ. ಬರೆಯದೆ ಬಿಟ್ಟಲ್ಲಿ ಒಬ್ಬರು ಮೂರು ತಿಂಗಳಿಗೇ ಬಿಡುತ್ತಾರೆ, ಇನ್ನೊಬ್ಬರು ಐದು ವರ್ಷ ನುಂಗಿ ಹೊಟ್ಟೆಯಲ್ಲಿ ರಕ್ತ ಸೋರಿಸಿಕೊಳ್ಳುತ್ತಾರೆ.

ಒಂದು ಹೊತ್ತು ಮರೆತೆ. ಎರಡು ಸೇರಿಸಿ ತಗೊಳ್ಳಲಾ?

ಬೇಡ. ದಿನಕ್ಕೊಂದರ ಮಾತ್ರೆಯಾದರೆ ಅದೇ ದಿನ ನೆನಪಾದ ಕೂಡಲೇ ತೆಗೆದುಕೊಳ್ಳಿ; ಮರುದಿನ ನೆನಪಾದರೆ ಅವತ್ತಿನದ್ದು ಮಾತ್ರ. ಟಿಕಾಗ್ರೆಲಾರ್ ಮರೆತರೆ ಮುಂದಿನ ಹೊತ್ತಿನದ್ದನ್ನು ಸಮಯಕ್ಕೆ ತೆಗೆದುಕೊಳ್ಳಿ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ವಾರದ್ದು ಹೆಚ್ಚಿಗೆ ಒಯ್ಯಿರಿ. ಜನೌಷಧಿ ಕೇಂದ್ರದ ಮಾತ್ರೆಯ ಹೆಸರು ಬೇರೆ ಇದ್ದರೂ ಮೂಲ ಔಷಧಿ, ಮಿ.ಗ್ರಾಂ ಒಂದೇ ಆಗಿದ್ದರೆ ಸಾಕು.

ಇಲ್ಲೊಂದು ಗೊಂದಲ ಬಹಳ ಸಲ ಕಾಣುತ್ತದೆ. ಕ್ಲೋಪಿಡೋಗ್ರೆಲ್ ಜೊತೆ ಆಸ್ಪಿರಿನ್ ಸೇರಿಸಿದ ಜೋಡಿ ಮಾತ್ರೆಗಳಿವೆ, ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಕ್ಲೋಪಿಡೋಗ್ರೆಲ್ ಮೂರೂ ಸೇರಿದ ಕ್ಯಾಪ್ಸೂಲ್‌ಗಳೂ ಇವೆ. ಆಸ್ಪತ್ರೆಯಲ್ಲಿ ಬಿಡಿಬಿಡಿಯಾಗಿ ಬರೆದದ್ದು, ಆಮೇಲೆ ಫ್ಯಾಮಿಲಿ ಡಾಕ್ಟರ್ ಜೋಡಿಯಾಗಿ ಬರೆದದ್ದು ಎರಡನ್ನೂ ನುಂಗುತ್ತಾ ಇರುತ್ತಾರೆ. ಸ್ಟ್ರಿಪ್ಪಿನ ಹಿಂಭಾಗದ ಸಣ್ಣಕ್ಷರ ಓದಿ, ಒಂದೇ ಹೆಸರು ಎರಡು ಕಡೆ ಇದೆಯೇ ನೋಡಿ.

ಟಿಕಾಗ್ರೆಲಾರ್ ಶುರು ಮಾಡಿದ ಮೇಲೆ ಕೂತಲ್ಲೇ ಉಸಿರು ಸಾಲದು ಅನ್ನಿಸುತ್ತೆ.

ಈ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ ಇದು. 2009ರಲ್ಲಿ ಪ್ರಕಟವಾದ ಪ್ಲೇಟೋ ಅಧ್ಯಯನದಲ್ಲಿ ಟಿಕಾಗ್ರೆಲಾರ್ ತೆಗೆದುಕೊಂಡವರಲ್ಲಿ ಶೇ. 13.8 ಮಂದಿಗೆ ಉಸಿರಿನ ತೊಂದರೆ ಕಂಡಿತ್ತು, ಕ್ಲೋಪಿಡೋಗ್ರೆಲ್‌ನವರಲ್ಲಿ ಶೇ. 7.8. ಸಾಮಾನ್ಯವಾಗಿ ಮೊದಲ ವಾರದಲ್ಲೇ ಶುರು. ದೊಡ್ಡ ಉಸಿರು ಎಳೆಯಬೇಕೆನ್ನಿಸುತ್ತದೆ, ಆದರೆ ಆಕ್ಸಿಜನ್ ಮಟ್ಟ ಸರಿಯಿರುತ್ತದೆ, ಮೆಟ್ಟಿಲು ಹತ್ತಲು ಅಡ್ಡಿಯಿರುವುದಿಲ್ಲ. ಕೆಲವರಿಗೆ ದಿನ ಕಳೆದಂತೆ ತಾನೇ ಹೋಗುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಕಾಲು ಊತ, ಕೆಮ್ಮು ಇದ್ದರೆ ಅದು ಮಾತ್ರೆಯದ್ದಲ್ಲ, ಹೃದಯ ದುರ್ಬಲವಾದದ್ದರ ಲಕ್ಷಣ ಇರಬಹುದು, ಎಕೋ ಬೇಕು. ತಡೆಯಲಾಗದಿದ್ದರೆ ಕ್ಲೋಪಿಡೋಗ್ರೆಲ್‌ಗೆ ಬದಲಿಸುತ್ತಾರೆ. ಬದಲಿಸುವಾಗ, ಅದರಲ್ಲೂ ಮೊದಲ ತಿಂಗಳಲ್ಲಿ, 600 ಮಿ.ಗ್ರಾಂ ಒಮ್ಮೆಗೇ ಕೊಟ್ಟು ಆಮೇಲೆ 75ಕ್ಕೆ ಇಳಿಸುವುದು ರೂಢಿ. ನೀವೇ ಒಂದನ್ನು ಬಿಟ್ಟು ಇನ್ನೊಂದು ಕೊಂಡರೆ ಮಧ್ಯೆ ರಕ್ಷಣೆಯಿಲ್ಲದ ಗಂಟೆಗಳು ಉಳಿಯುತ್ತವೆ.

ಹಲ್ಲುಜ್ಜಿದರೆ ರಕ್ತ, ಕೈ ಮೇಲೆಲ್ಲ ಕಲೆ. ಮಾತ್ರೆ ನಿಲ್ಲಿಸಲಾ?

ನಿಲ್ಲಿಸಬೇಡಿ. ಮೆತ್ತನೆ ಬ್ರಷ್ ಬಳಸಿ, ಮುಂದಿನ ಭೇಟಿಯಲ್ಲಿ ಹೇಳಿ. ತಕ್ಷಣ ಹೋಗಬೇಕಾದ್ದು ಇವಕ್ಕೆ: ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ, ರಕ್ತವಾಂತಿ, 20 ನಿಮಿಷ ಮೂಗು ಹಿಡಿದರೂ ನಿಲ್ಲದ ರಕ್ತ, ತಲೆಗೆ ಪೆಟ್ಟು. ಸ್ಕೂಟರಿನಿಂದ ಬಿದ್ದು ತಲೆಗೆ ಏಟಾಗಿ ಮೇಲೆ ಗಾಯ ಇಲ್ಲದಿದ್ದರೂ ಎರಡು ಮಾತ್ರೆ ನುಂಗುವವರಿಗೆ ಸಿಟಿ ಸ್ಕ್ಯಾನ್ ಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಅಂಟು, ವಾಸನೆ ಇರುವುದಿಲ್ಲ.

ಹೊಟ್ಟೆಯ ರಕ್ತಸ್ರಾವಕ್ಕೆ ಎಂಡೋಸ್ಕೋಪಿ ಮಾಡಿ ಸೋರುವ ಜಾಗಕ್ಕೆ ಕ್ಲಿಪ್ ಹಾಕುತ್ತಾರೆ ಅಥವಾ ಸುಡುತ್ತಾರೆ, ಆಮ್ಲ ತಡೆಯುವ ಔಷಧಿ ರಕ್ತನಾಳಕ್ಕೆ ಕೊಡುತ್ತಾರೆ, ಹೆಚ್. ಪೈಲೋರಿ ಸೋಂಕು ನೋಡುತ್ತಾರೆ. ಸ್ಟೆಂಟ್ ಹೊಸದಾಗಿದ್ದರೆ ಎರಡೂ ಮಾತ್ರೆ ಒಟ್ಟಿಗೆ ನಿಲ್ಲಿಸುವುದನ್ನು ಆದಷ್ಟು ತಪ್ಪಿಸಬೇಕು. ಹೃದ್ರೋಗ ತಜ್ಞರೂ ಗ್ಯಾಸ್ಟ್ರೋ ತಜ್ಞರೂ ಪರಸ್ಪರ ಮಾತಾಡಿದ್ದಾರೆಯೇ ಎಂದು ಮನೆಯವರು ಬಾಯಿಬಿಟ್ಟು ಕೇಳಬೇಕಾದ ಜಾಗ ಇದು.

ಮಂಡಿನೋವಿಗೆ, ಗ್ಯಾಸ್ಟ್ರಿಕ್‌ಗೆ ಮೆಡಿಕಲ್ ಶಾಪಿನಿಂದ ತಗೋಬಹುದಾ?

ನೋವಿಗೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್, ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್ ರಕ್ತಸ್ರಾವ ಹೆಚ್ಚಿಸುತ್ತವೆ, ಮೂತ್ರಪಿಂಡಕ್ಕೂ ಕೆಟ್ಟವು. ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಗ್ಯಾಸ್ಟ್ರಿಕ್‌ಗೆ, ಕ್ಲೋಪಿಡೋಗ್ರೆಲ್ ನುಂಗುವವರು ಒಮೆಪ್ರಜೋಲ್, ಎಸೋಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವುದು ಲೇಸು. ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುವುದು. ಆ ಮಾರ್ಪಾಡು ಮಾಡುವ ಕಿಣ್ವವನ್ನು ಮೊದಲಿನ ಎರಡು ತಡೆಯುತ್ತವೆ.

ಸೊಪ್ಪು ತಿನ್ನಬಾರದಂತೆ, ಹೌದಾ? ಚಕ್ಕೋತ?

ಸೊಪ್ಪಿನ ನಿಯಮ ವಾರ್ಫರಿನ್, ಅಸಿಟ್ರೋಮ್ ಎಂಬ ಬೇರೆ ಬಗೆಯ ರಕ್ತ ತೆಳು ಮಾತ್ರೆ ನುಂಗುವವರಿಗೆ. ನಿಮಗೆ ಬಸ್ಸಾರು, ಮಸ್ಸೊಪ್ಪು ಎಲ್ಲಾ ಆಗುತ್ತದೆ. ಚಕ್ಕೋತದ ಕಡೆ ಮಾತ್ರ ಗಮನವಿರಲಿ. ಗ್ರೇಪ್‌ಫ್ರೂಟ್ ರಸ ಟಿಕಾಗ್ರೆಲಾರ್ ಮತ್ತು ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಏರುವಂತೆ ಮಾಡುತ್ತದೆ; ದೇವನಹಳ್ಳಿಯ ಚಕ್ಕೋತ ಅದೇ ಬಳಗದ ಹಣ್ಣು. ಎಂದೋ ಒಂದೆರಡು ತೊಳೆ ತಿಂದರೆ ಏನಾಗದು, ದಿನಾ ಲೋಟಗಟ್ಟಲೆ ರಸ ಬೇಡ.

ಡೆಂಗ್ಯೂ ಬಂದು ಪ್ಲೇಟ್‌ಲೆಟ್ ಇಳಿದರೆ ಆ ಎರಡು ಮಾತ್ರೆ ಏನು ಮಾಡೋದು?

ಬೆಂಗಳೂರಿನಲ್ಲಿ ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರು. ಒಂದು ಕಡೆ ಪ್ಲೇಟ್‌ಲೆಟ್ ಕಡಿಮೆಯಾಗಿ ರಕ್ತಸ್ರಾವದ ಭಯ, ಇನ್ನೊಂದು ಕಡೆ ಮಾತ್ರೆ ಬಿಟ್ಟರೆ ಸ್ಟೆಂಟ್ ಮುಚ್ಚುವ ಭಯ. ಇಲ್ಲಿಯೂ ತಾರೀಖೇ ಮುಖ್ಯ. ಸ್ಟೆಂಟ್ ಹಾಕಿ ಒಂದು ತಿಂಗಳೊಳಗಿದ್ದರೆ ಮಾತ್ರೆ ಬಿಡುವುದು ತೀರಾ ಅಪಾಯ. ವರ್ಷ ದಾಟಿದ್ದರೆ ಕೆಲವು ದಿನ ಬಿಟ್ಟರೂ ಅಪಾಯ ಕಡಿಮೆ.

ಡಾಕ್ಟರುಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಹೀಗೆ. ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಮಾತ್ರೆ ಮುಂದುವರಿಸಿ ದಿನಾ ಕೌಂಟ್ ನೋಡುವುದು. 30,000ದಿಂದ 50,000ದ ನಡುವೆ ಇದ್ದರೆ ಆಸ್ಪತ್ರೆಗೆ ಸೇರಿಸಿ, ಸ್ಟೆಂಟಿನ ವಯಸ್ಸು ನೋಡಿ ಎರಡನ್ನೂ ಇಡುವುದೋ ಒಂದಕ್ಕೆ ಇಳಿಸುವುದೋ ತೀರ್ಮಾನಿಸುವುದು. 30,000ಕ್ಕಿಂತ ಕೆಳಗಿಳಿದರೆ ಅಥವಾ ರಕ್ತ ಸೋರತೊಡಗಿದರೆ ತಾತ್ಕಾಲಿಕವಾಗಿ ನಿಲ್ಲಿಸುವುದು, ಏರತೊಡಗಿದ ಕೂಡಲೇ ಮತ್ತೆ ಶುರು ಮಾಡುವುದು. ಜನ ಮರೆಯುವುದು ಈ ಕೊನೆಯ ಹೆಜ್ಜೆಯನ್ನೇ. ಜ್ವರ ಬಿಟ್ಟು ಮನೆಗೆ ಬಂದ ಮೇಲೆ ನಿಂತ ಮಾತ್ರೆ ನಿಂತೇ ಇರುತ್ತದೆ. ಯಾವ ಕೌಂಟಿಗೆ ಮತ್ತೆ ಶುರು ಮಾಡಬೇಕೆಂದು ಡಿಸ್ಚಾರ್ಜ್ ಸಮರಿಯಲ್ಲೇ ಬರೆಸಿಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ಪಪ್ಪಾಯಿ ಎಲೆಯ ರಸ ನಂಬಿ ಕೌಂಟ್ ನೋಡಿಸದೆ ಕೂರಬೇಡಿ.

ಹಲ್ಲು ಕೀಳಿಸಬೇಕು, ಹರ್ನಿಯಾ ಆಪರೇಷನ್ನೂ ಇದೆ.

ಹಲ್ಲಿಗೆ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಒಂದು ಸಲಕ್ಕೆ ಒಂದೆರಡು ಹಲ್ಲು, ಹೊಲಿಗೆ, ಒತ್ತಿ ಹಿಡಿಯುವ ಹತ್ತಿ, ಬೇಕಾದರೆ ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬಾಯಿ ಮುಕ್ಕಳಿಸುವ ದ್ರಾವಣ ಸಾಕು. ಕಾಯಬಹುದಾದ ಆಪರೇಷನ್ ಮುಂದೂಡಿ: ಅಟ್ಯಾಕ್ ಆದವರು 12 ತಿಂಗಳು, ಇತರರು 6 ತಿಂಗಳು. ಕ್ಯಾನ್ಸರಿನಂತೆ ಕಾಯಲಾಗದ್ದಾದರೆ ಆಸ್ಪಿರಿನ್ ಇಟ್ಟುಕೊಂಡು ಎರಡನೆಯದನ್ನು ಮಾತ್ರ ನಿಲ್ಲಿಸುತ್ತಾರೆ: ಟಿಕಾಗ್ರೆಲಾರ್ 3ರಿಂದ 5 ದಿನ, ಕ್ಲೋಪಿಡೋಗ್ರೆಲ್ 5 ದಿನ, ಪ್ರಾಸುಗ್ರೆಲ್ 7 ದಿನ ಮುಂಚೆ. ಮೊದಲ ತಿಂಗಳೊಳಗೆ ಆದಷ್ಟೂ ಬೇಡ.

## ಸ್ಟೆಂಟ್ ಮತ್ತೆ ಮುಚ್ಚಿದಾಗ

ರಾತ್ರಿ ಹೊತ್ತು ಎದೆನೋವು ಬಂತು ಅಂದುಕೊಳ್ಳಿ. ಮೊದಲು ಏನು ಮಾಡಬೇಕು?

ಐದು ನಿಮಿಷ ವಿಶ್ರಾಂತಿಗೂ ಹೋಗದ ನೋವು, ಬೆವರು, ವಾಕರಿಕೆ, ದವಡೆಗೋ ಎಡಗೈಗೋ ಹರಿಯುವ ಸೆಳೆತ ಇದ್ದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ. ಮೊದಲು 108ಕ್ಕೆ ಫೋನ್. ಆಸ್ಪಿರಿನ್ 75ರ ನಾಲ್ಕು ಮಾತ್ರೆ ಜಗಿದು ನುಂಗಿ. ಅಲರ್ಜಿ ಇದ್ದರೆ, ಕಪ್ಪು ಮಲ ಹೋಗುತ್ತಿದ್ದರೆ, ಬಾಯಿ ಸೊಟ್ಟಗಾಗಿ ಪಾರ್ಶ್ವವಾಯುವಿನ ಲಕ್ಷಣ ಇದ್ದರೆ ಬೇಡ. ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ 5 ಮಿ.ಗ್ರಾಂ ಮಾತ್ರೆ ಒಂದನ್ನು ಕೂತುಕೊಂಡೇ ನಾಲಿಗೆಯಡಿ ಇಡಿ. ತಲೆಸುತ್ತು ಇದ್ದರೆ, ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಅನ್ನು 24 ಗಂಟೆಯೊಳಗೆ ಅಥವಾ ಟಡಾಲಾಫಿಲ್ ಅನ್ನು 48 ಗಂಟೆಯೊಳಗೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್ ಮುಟ್ಟಬೇಡಿ, ಬಿಪಿ ಕುಸಿಯುತ್ತದೆ. ನೀವೇ ಗಾಡಿ ಓಡಿಸಬೇಡಿ.

ಎಲ್ಲಿಗೆ? ಜಯದೇವದಲ್ಲಿ ಹಾಕಿಸಿದ್ದು, ಅಲ್ಲಿಗೇ ಹೋಗಬೇಕು ಎಂದು ಯಲಹಂಕದಿಂದ ಸಂಜೆ ಏಳಕ್ಕೆ ಹೆಬ್ಬಾಳ ದಾಟಿ ಬನ್ನೇರುಘಟ್ಟ ರಸ್ತೆಯವರೆಗೆ ಹೊರಡುವುದು ಹೃದಯದ ಸ್ನಾಯು ಕಳೆದುಕೊಳ್ಳುವ ಲೆಕ್ಕ. ಹತ್ತಿರದಲ್ಲಿ 24 ಗಂಟೆಯೂ ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕುವ ಕೋಣೆ) ನಡೆಯುವ ಆಸ್ಪತ್ರೆ ಯಾವುದೆಂದು ಆರಾಮಾಗಿರುವಾಗಲೇ ತಿಳಿದಿಟ್ಟುಕೊಳ್ಳಿ. ಊರಿನಲ್ಲಿದ್ದಾಗ ಬಂದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ: ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡಿಸುವ ವ್ಯವಸ್ಥೆಯಿದೆ. ಆದರೆ ಸ್ಟೆಂಟ್ ಒಳಗಿನ ಹೆಪ್ಪಿಗೆ ಇಂಜೆಕ್ಷನ್ನಿಗಿಂತ ಬಲೂನೇ ಮೇಲು, ಆದ್ದರಿಂದ ಸ್ಟೆಂಟ್ ಇದೆ ಎಂದು ಬಾಗಿಲಲ್ಲೇ ಹೇಳಿ.

ಎಲ್ಲಾ ಮಾತ್ರೆ ತಪ್ಪದೆ ತಗೊಂಡರೂ ಸ್ಟೆಂಟಿನಲ್ಲಿ ಹೆಪ್ಪುಗಟ್ಟಿತು. ಹೇಗೆ?

ಮಾತ್ರೆ ಬಿಟ್ಟದ್ದು ದೊಡ್ಡ ಕಾರಣ, ಆದರೆ ಒಂದೇ ಕಾರಣವಲ್ಲ. ಸುಣ್ಣಗಟ್ಟಿದ ಗಟ್ಟಿ ಬ್ಲಾಕಿನಲ್ಲಿ ಸ್ಟೆಂಟ್ ಪೂರ್ತಿ ಅರಳದೆ ಉಳಿದಿರಬಹುದು. ಸ್ಟೆಂಟ್ ಚಿಕ್ಕದಾಗಿ ಗೋಡೆಗೂ ಲೋಹಕ್ಕೂ ನಡುವೆ ಸಂದು ಉಳಿದಿರಬಹುದು. ಸ್ಟೆಂಟಿನ ಅಂಚಿನಲ್ಲಿ ಒಳಪದರ ಸೀಳಿರಬಹುದು. ಕೆಲವರ ಯಕೃತ್ತಿನ ಕಿಣ್ವ ಹುಟ್ಟಿನಿಂದಲೇ ಮಂದ, ಅವರಲ್ಲಿ ಕ್ಲೋಪಿಡೋಗ್ರೆಲ್ ಸರಿಯಾಗಿ ಚುರುಕಾಗುವುದಿಲ್ಲ. ನಮ್ಮ ದೇಶದಲ್ಲಿ ಇಂಥವರು ಕಡಿಮೆಯೇನಿಲ್ಲ. ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಇವೆಲ್ಲಕ್ಕೂ ಕೈಜೋಡಿಸುತ್ತವೆ.

ಕ್ಯಾಥ್ ಲ್ಯಾಬಿನಲ್ಲಿ ತಂತಿ ದಾಟಿಸಿ, ಹೆಪ್ಪು ತುಂಬಾ ಇದ್ದರೆ ಹೀರಿ ತೆಗೆದು, ಬಲೂನಿನಿಂದ ತೆರೆಯುತ್ತಾರೆ. ಮತ್ತೆ ಹೆಪ್ಪುಗಟ್ಟದಂತೆ ತಡೆಯುವ ಟಿರೊಫಿಬಾನ್ ಅಥವಾ ಎಪ್ಟಿಫಿಬಟೈಡ್ ಇಂಜೆಕ್ಷನ್ ಬೇಕಾಗಬಹುದು. ರಕ್ತ ಹರಿಯತೊಡಗಿದ ಮೇಲೆ ನಿಜವಾದ ಕೆಲಸ ಬರುತ್ತದೆ: ಐವಸ್ ಅಥವಾ ಓಸಿಟಿ ಎಂಬ ಒಳಗಿನ ಕ್ಯಾಮೆರಾದಂಥ ಸಾಧನದಿಂದ ಯಾಕೆ ಮುಚ್ಚಿತು ಎಂದು ನೋಡುವುದು. ಅರಳದ ಸ್ಟೆಂಟಿಗೆ ಹೆಚ್ಚು ಒತ್ತಡದ ಗಟ್ಟಿ ಬಲೂನ್, ಸೀಳಿದ ಅಂಚಿಗೆ ಇನ್ನೊಂದು ಚಿಕ್ಕ ಸ್ಟೆಂಟ್. ಕಾರಣ ನೋಡದೆ ಹೊಸ ಸ್ಟೆಂಟ್ ಹಾಕಿ ಕಳಿಸಿದರೆ ಅದೇ ಮತ್ತೆ ಆಗಬಹುದು. ಆಮೇಲೆ ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಕೊಡುತ್ತಾರೆ. ಪ್ರಾಸುಗ್ರೆಲ್ ಹಿಂದೆ ಪಾರ್ಶ್ವವಾಯು ಆದವರಿಗೆ ಕೂಡದು.

ಎಂಟು ತಿಂಗಳಾದ ಮೇಲೆ ನಡೆದರೆ ಮತ್ತೆ ಅದೇ ಹಳೇ ನೋವು. ಸ್ಟೆಂಟ್ ಬ್ಲಾಕ್ ಆಗಿದೆಯಂತೆ.

ಇದು ಹೆಪ್ಪಲ್ಲ, ಗಾಯದ ಅಂಗಾಂಶ. ಸ್ಟೆಂಟ್ ಒಳಗೆ ಅಥವಾ ಅದರ ಎರಡೂ ಅಂಚಿನ 5 ಮಿ.ಮೀ.ನೊಳಗೆ ಶೇ. 50ಕ್ಕಿಂತ ಹೆಚ್ಚು ಕಿರಿದಾದರೆ ಮರುಬ್ಲಾಕ್ ಎನ್ನುತ್ತಾರೆ. ಸಕ್ಕರೆ ಕಾಯಿಲೆ, 2.5 ಮಿ.ಮೀ.ಗಿಂತ ಸಣ್ಣ ರಕ್ತನಾಳ, ಉದ್ದ ಸ್ಟೆಂಟ್, ಕವಲೊಡೆಯುವ ಜಾಗ ಇದ್ದಲ್ಲಿ ಹೆಚ್ಚು. ಶುರುವಾಗುವುದು ನಿಧಾನ: ಮೊದಲು ಎರಡು ಮಹಡಿ ಹತ್ತಿದರೆ, ಆಮೇಲೆ ಒಂದು ಮಹಡಿಗೇ. ನಿಧಾನ ಎಂದು ಅಸಡ್ಡೆ ಬೇಡ, ಕೆಲವರಲ್ಲಿ ಇದು ಅಟ್ಯಾಕ್ ಆಗಿಯೇ ಕಾಣಿಸಿಕೊಳ್ಳುತ್ತದೆ.

ಚಿಕಿತ್ಸೆ ಒಳಗೆ ಏನಿದೆ ಎಂಬುದರ ಮೇಲೆ. ಸ್ಟೆಂಟ್ ಅರಳದೇ ಇದ್ದದ್ದೇ ಮೂಲವಾದರೆ ಮೊದಲು ಅದನ್ನು ಅರಳಿಸಬೇಕು, ಸುಣ್ಣ ಗಟ್ಟಿಯಿದ್ದರೆ ಶಬ್ದದಲೆಯಿಂದ ಒಡೆಯುವ ಲಿಥೋಟ್ರಿಪ್ಸಿ ಬಲೂನ್ ಇದೆ. ಅಂಗಾಂಶ ಮಾತ್ರ ಬೆಳೆದಿದ್ದರೆ ಸಣ್ಣ ಅಲಗುಗಳಿರುವ ಬಲೂನಿನಿಂದ ಗೀರಿ ಹಿಗ್ಗಿಸುತ್ತಾರೆ. ಆಮೇಲೆ ಎರಡು ಆಯ್ಕೆ: ಔಷಧಿ ಲೇಪಿತ ಬಲೂನ್, ಅಥವಾ ಸ್ಟೆಂಟ್ ಒಳಗೆ ಇನ್ನೊಂದು ಔಷಧಿ ಸ್ಟೆಂಟ್. ಬಲೂನನ್ನು ಅರ್ಧದಿಂದ ಒಂದು ನಿಮಿಷ ಒತ್ತಿ ಹಿಡಿದಾಗ ಔಷಧಿ ಗೋಡೆಗೆ ಇಳಿಯುತ್ತದೆ, ಲೋಹ ಉಳಿಯುವುದಿಲ್ಲ. ಈಗಾಗಲೇ ಎರಡು ಪದರ ಲೋಹ ಇರುವಲ್ಲಿ ಮೂರನೆಯದು ಹಾಕುವುದಕ್ಕಿಂತ ಬಲೂನ್ ವಾಸಿ, ಇಲ್ಲದಿದ್ದರೆ ಬೈಪಾಸ್ ಕೇಳಿ ನೋಡಿ. ಸಕ್ಕರೆ ಕಾಯಿಲೆಯವರಿಗೆ, ಎರಡು ಮೂರು ರಕ್ತನಾಳದಲ್ಲಿ ಬ್ಲಾಕ್ ಇದ್ದು ಸ್ಟೆಂಟ್ ಪದೇ ಪದೇ ಮುಚ್ಚುತ್ತಿದ್ದರೆ ಬೈಪಾಸನ್ನು ಕೊನೆಯ ದಾರಿ ಎಂದು ತಳ್ಳುತ್ತಾ ಹೋಗುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ವರ್ಷಕ್ಕೊಮ್ಮೆ ಆಂಜಿಯೋಗ್ರಾಂ ಮಾಡಿಸಿ ನೋಡಿಬಿಡೋದು ಒಳ್ಳೇದಲ್ವಾ?

ನೋವಿಲ್ಲ, ನಡೆಯಲು ತೊಂದರೆಯಿಲ್ಲ ಎಂದರೆ ಬೇಡ. ಲಕ್ಷಣವಿಲ್ಲದವರಿಗೆ ಸುಮ್ಮನೆ ಮಾಡಿದ ಆಂಜಿಯೋಗ್ರಾಂ ಇನ್ನೊಂದು ಸ್ಟೆಂಟಿಗೆ ದಾರಿಯಾಗುತ್ತದೆಯೇ ಹೊರತು ಆಯಸ್ಸು ಹೆಚ್ಚಿಸುವುದಿಲ್ಲ. ಆ ದುಡ್ಡಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನೋಡಿಸಿ: ಸ್ಟಾಟಿನ್ ಶುರುವಾದ 4ರಿಂದ 6 ವಾರಕ್ಕೊಮ್ಮೆ, 55 ಮಿ.ಗ್ರಾಂಗಿಂತ ಕೆಳಗೆ ಬರುವವರೆಗೆ. ಬರದಿದ್ದರೆ ಎಜೆಟಿಮಿಬ್ 10 ಸೇರಿಸುತ್ತಾರೆ.

ಏಟ್ರಿಯಲ್ ಫಿಬ್ರಿಲೇಷನ್ ಕೂಡ ಇದೆ. ಮೂರು ರಕ್ತ ತೆಳು ಮಾತ್ರೆ ಬರೆದಿದ್ದಾರೆ, ಜಾಸ್ತಿ ಆಗಲ್ವಾ?

ಏಟ್ರಿಯಲ್ ಫಿಬ್ರಿಲೇಷನ್ ಎಂದರೆ ಹೃದಯದ ಬಡಿತ ಲಯ ತಪ್ಪುವ ಕಾಯಿಲೆ. ಮೂರು ಮಾತ್ರೆ ಹೆಚ್ಚು ದಿನ ಮುಂದುವರಿದರೆ ಜಾಸ್ತಿಯೇ. ಮೂರನ್ನೂ ಸಾಮಾನ್ಯವಾಗಿ ಸುಮಾರು ಒಂದು ವಾರ, ಹೆಪ್ಪಿನ ಅಪಾಯ ತೀರಾ ಹೆಚ್ಚಿದ್ದರೆ ಒಂದು ತಿಂಗಳವರೆಗೆ ಕೊಡುತ್ತಾರೆ. ಆಮೇಲೆ ಆಸ್ಪಿರಿನ್ ಬಿಟ್ಟು ಎಪಿಕ್ಸಾಬಾನಿನಂಥ ಮಾತ್ರೆ ಮತ್ತು ಕ್ಲೋಪಿಡೋಗ್ರೆಲ್. 6 ಅಥವಾ 12 ತಿಂಗಳ ಮೇಲೆ ಎಪಿಕ್ಸಾಬಾನ್ ಒಂದೇ. ಆಸ್ಪಿರಿನ್ ಯಾವ ದಿನ ನಿಲ್ಲಬೇಕು ಎಂದು ಕೇಳದೆ ಮನೆಗೆ ಬರಬೇಡಿ.

ಎರಡನೇ ಸಲ ಮಾಡಿಸುವ ಮುಂಚೆ ಡಾಕ್ಟರನ್ನು ಏನು ಕೇಳಬೇಕು? ದುಬಾರಿ ಸ್ಟೆಂಟ್ ಹಾಕಿಸಿದರೆ ಮುಚ್ಚಲ್ವಾ?

2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಆಮೇಲೆ ದರ ಪರಿಷ್ಕರಣೆಯಾಗುತ್ತಾ ಬಂದಿದೆ. ಹಾಗಾಗಿ ಈಗ ಬಿಲ್ಲಿನ ದೊಡ್ಡ ವ್ಯತ್ಯಾಸ ಸ್ಟೆಂಟಿನದ್ದಲ್ಲ. ಮುಚ್ಚುವುದು ಬಿಡುವುದು ಕಂಪನಿಯ ಹೆಸರಿಗಿಂತ ಹಾಕಿದ ರೀತಿಯ ಮೇಲೆ ಹೆಚ್ಚು ನಿಂತಿದೆ. ಕೇಳಬೇಕಾದ್ದು: ಮೊದಲ ಸ್ಟೆಂಟ್ ಮುಚ್ಚಿದ್ದು ಯಾಕೆ, ಐವಸ್ ಅಥವಾ ಓಸಿಟಿ ಹಾಕಿ ನೋಡುತ್ತೀರಾ, ಅದರ ಖರ್ಚು ಎಷ್ಟು ಮತ್ತು ವಿಮೆಯಲ್ಲೋ ಯೋಜನೆಯಲ್ಲೋ ಬರುತ್ತದೆಯೇ, ಲೋಹ ಹಾಕದೆ ಔಷಧಿ ಬಲೂನಿನಲ್ಲಿ ಮುಗಿಯುತ್ತದೆಯೇ. ಹೋಗುವಾಗ ಹಳೆಯ ಆಂಜಿಯೋಗ್ರಾಂ ಸಿಡಿ ಒಯ್ಯಿರಿ. ಬರೆದ ರಿಪೋರ್ಟಿಗಿಂತ ಆ ಸಿಡಿಯಲ್ಲಿ ಹೆಚ್ಚು ಕಾಣುತ್ತದೆ. ಆಸ್ಪತ್ರೆಗಳು ಅದನ್ನು ಎಲ್ಲಾ ಕಾಲಕ್ಕೂ ಇಟ್ಟುಕೊಳ್ಳುವುದಿಲ್ಲ, ಕೇಳಿ ಪಡೆಯಬೇಕು.